ಬೆಳ್ಳಗಿನ ಗೋಡೆಯ ಅಪರಾಧಕ್ಕೆ ಕ್ಷಮೆ ಕೋರಿ

ಕಲ್ಯಾಣ,
ಮೇ ೧೯, ೧೯೮೫

ಮಾನ್ಯ ಅಧ್ಯಕ್ಷರು,
ದೀರ್ಘಕಾಲೀನ ಪುನರ್ವಸತಿ ಸಮಿತಿ,
ಆಪದ್ಬಾಂಧವ ಧರ್ಮಾರ್ಥ ಟ್ರಸ್ಟ್,
ಠಾಣೆ — ಇವರಿಗೆ

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಗೌರವಾನ್ವಿತ ಸದಸ್ಯರೆಲ್ಲರಿಗೂ, ನಮ್ಮ ಅರ್ಜಿಯನ್ನು ಐದು ತಿಂಗಳ ಕಾಲ ಗಾಳಿ ಬೆಳಕು ತಾಗದಂತೆ ಕಾಪಾಡಿದ ತಮ್ಮ ಕಚೇರಿಯ ಉಕ್ಕಿನ ಕಪಾಟಿಗೂ ವಾಲಧುನಿ ಹೊಳೆಯ ದಂಡೆಯ ಹನ್ನೊಂದು ಹೆಂಗಸರ ಪರವಾಗಿ ಭಯಭಕ್ತಿಪೂರ್ವಕ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ, ಏಕೆಂದರೆ ನಾವು ನೆರೆಯಿಂದ ಪೂರ್ಣವಾಗಿ ಚೇತರಿಸಿಕೊಂಡಿದ್ದೇವೆಂದು ತಮ್ಮ ಕಚೇರಿಯೇ ಏಪ್ರಿಲ್ ತಿಂಗಳಲ್ಲಿ ನಮಗೆ ಲಿಖಿತವಾಗಿ ತಿಳಿಸಿದೆ. ಆ ಕಾಗದ ಬರುವವರೆಗೆ ಈ ಸಂತೋಷದ ಸುದ್ದಿ ನಮಗೇ ಗೊತ್ತಿರಲಿಲ್ಲ.

ಇದಕ್ಕೆ ಮೊದಲು ಎರಡು ಪತ್ರಗಳನ್ನು ಇಂಗ್ಲಿಷಿನಲ್ಲಿಯೂ ಒಂದನ್ನು ಮರಾಠಿಯಲ್ಲಿಯೂ ಬರೆಸಿ ಕಳುಹಿಸಿದ್ದೆವು. ಒಂದಕ್ಕೂ ಉತ್ತರ ಬರಲಿಲ್ಲವಾಗಿ ನಮ್ಮ ಭಾಷೆಯಲ್ಲೇ ಏನೋ ಕೊರತೆಯಿರಬೇಕೆಂದು ಕುಗ್ಗಿಹೋಗಿದ್ದ ಹೊತ್ತಿನಲ್ಲಿ, ತಾವು ಮೂಲತಃ ನಮ್ಮವರೇ ಎಂದೂ, ಹಿಂದಿನ ನವೆಂಬರಿನಲ್ಲಿ ಡೊಂಬಿವಲಿಯ ಸಂಘವೊಂದರ ನಾಡಹಬ್ಬದಲ್ಲಿ ಶಾಲು ಹೊದೆಸಿಕೊಂಡು, ತಮಗೆ ಇಂದಿಗೂ ಕನಸು ಬೀಳುವುದು ಕನ್ನಡದಲ್ಲೇ ಎಂದು ಗದ್ಗದಿತರಾಗಿ ಹೇಳಿದಿರೆಂದೂ ತಿಳಿದುಬಂತು. ಆದ್ದರಿಂದ ಈ ಪತ್ರವನ್ನು ಕನ್ನಡದಲ್ಲಿ ಬರೆದು ಅದೇ ಸಂಘದ ಮಾಸಿಕದಲ್ಲಿ ಬಹಿರಂಗವಾಗಿ ಪ್ರಕಟಿಸುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಮನೆಯಲ್ಲಿ ಯಾರಾದರೂ ಓದಿ ಊಟದ ಹೊತ್ತಿಗೆ ತಮ್ಮ ಕಿವಿಗೆ ಹಾಕಿಯಾರು ಎಂಬ ಆಸೆ ನನ್ನದು.

ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ರತ್ನಾವತಿ, ಉಡುಪಿ ಕಡೆಯವಳು. ಮದುವೆಯಾಗಿ ಕಲ್ಯಾಣಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ನನ್ನ ಗಂಡ ತಾರಾನಾಥರು ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಾವು ವಾಸವಾಗಿರುವ ಚಾಳಿನ ಹಿಂದೆ, ವಾಲಧುನಿ ಹೊಳೆಯ ದಂಡೆಗೆ, ಇಟ್ಟಿಗೆ ಗೋಡೆಯ ಮೇಲೆ ತಗಡು ಹೊದೆಸಿದ ಒಂದು ಶೆಡ್ ಇದೆ. ಅಲ್ಲಿ ವಿಜಾಪುರ, ಬಾಗಲಕೋಟೆ ಕಡೆಯ ಹನ್ನೊಂದು ಹೆಂಗಸರು ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳು ಬೆಳಗಿನ ಲೋಕಲ್ ಗಾಡಿಯಲ್ಲಿ ಅಂಬರನಾಥಕ್ಕೆ, ಬದಲಾಪುರಕ್ಕೆ, ಡೊಂಬಿವಲಿಯ ಕಾರ್ಖಾನೆಗಳಿಗೆ ಹೋಗುತ್ತವೆ. ಅನ್ನ ಎಷ್ಟು ತಿಂದರೂ ಉಂಡ ಹಾಗಾಗಲಿಲ್ಲ ಎನ್ನುವ ವಿಜಾಪುರ ಕಡೆಯ ಕೆಲಸಗಾರರು ಅಲ್ಲೆಲ್ಲ ತುಂಬ ಜನ ಇದ್ದಾರೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಾನು ಬಡಿದದ್ದು ರೊಟ್ಟಿಯಾಗದೆ ಯಾವುದೋ ಜಿಲ್ಲೆಯ ನಕಾಶೆಯಾಗುತ್ತದೆ. ಆದರೂ ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನೊಬ್ಬಳೇ ಎಂಬ ಕಾರಣಕ್ಕೆ ಅವರು ತಮ್ಮ ಮಹಿಳಾ ಮಂಡಳಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿಕೊಂಡರು. ಮುಂದೆ ತಾವೇ ಓದಲಿರುವಂತೆ, ಅವರ ಮೇಲೆ ಬಂದ ಮೊದಲನೆಯ ಆಪತ್ತು ನೆರೆಯಲ್ಲ, ನಾನು.

ಈ ಹನ್ನೊಂದು ಮಂದಿಗೆ ಹಿರಿಯಳು ಕಲ್ಲವ್ವ. ಐವತ್ತನಾಲ್ಕು ವರ್ಷದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗಳು ಈರವ್ವನನ್ನು ಸೊಂಟಕ್ಕೆ ಕಟ್ಟಿಕೊಂಡು ಈ ಊರಿಗೆ ಬಂದವಳು, ಹದಿನಾಲ್ಕು ವರ್ಷ ಕಟ್ಟಡಗಳಲ್ಲಿ ಗಾರೆಯ ಬುಟ್ಟಿ ಹೊತ್ತಳು. ಉಲ್ಲಾಸನಗರದಿಂದ ಠಾಣೆಯವರೆಗೆ ಯಾವ ಬಿಲ್ಡಿಂಗಿನ ಎಷ್ಟನೆಯ ಮಾಳಿಗೆಗೆ ತಾನು ಬುಟ್ಟಿ ಹೊತ್ತಿದ್ದೆನೆಂದು ಲೋಕಲ್ ಗಾಡಿಯ ಕಿಟಕಿಯಿಂದ ಬೆರಳು ಮಾಡಿ ತೋರಿಸುತ್ತಾಳೆ. ಕತ್ತು ತಿರುಗದ ಹಾಗಾದ ಮೇಲೆ ಆ ಬುಟ್ಟಿ ಇಳಿಸಿ ರೊಟ್ಟಿಗೆ ಕೂತಳು. ಒಬ್ಬಳೇ ಶುರು ಮಾಡಿದ್ದು ಹನ್ನೊಂದು ಮಂದಿಯ ಅನ್ನವಾಯಿತು. ಆ ಶೆಡ್ ಇದ್ದರೆ ಕಲ್ಲವ್ವ ಕೂತು ದುಡಿಯುತ್ತಾಳೆ, ಇಲ್ಲದಿದ್ದರೆ ಮತ್ತೆ ಬುಟ್ಟಿ ಹೊರುತ್ತಾಳೆ. ನಮ್ಮ ಅರ್ಜಿಯ ಒಟ್ಟು ವಿಷಯ ಇಷ್ಟೇ ಆಗಿತ್ತು. ಇದನ್ನು ಹದಿನಾಲ್ಕು ಪುಟದ ನಮೂನೆಯಲ್ಲಿ ತುಂಬುವಷ್ಟು ಹಿಗ್ಗಿಸುವ ವಿದ್ಯೆಯನ್ನು ಕಲಿಸಿದ್ದಕ್ಕಾಗಿ ತಮ್ಮ ಸಮಿತಿಗೆ ಋಣಿ.

ಕಳೆದ ಜುಲೈನಲ್ಲಿ ಹೊಳೆ ಉಕ್ಕಿ ಶೆಡ್ಡಿನೊಳಗೆ ಎದೆಮಟ್ಟ ನೀರು ನಿಂತಿತು. ಎರಡು ದಿನದ ಮೇಲೆ ನೀರಿಳಿದಾಗ ಒಲೆಗಳು ಕರಗಿ ಕೆಸರಾಗಿದ್ದವು, ರೊಟ್ಟಿಯ ಹಂಚು, ಹಿಟ್ಟು ನಾದುವ ಪರಾತಗಳಲ್ಲಿ ಅರ್ಧ ಕೊಚ್ಚಿಹೋಗಿದ್ದವು, ಚೀಲದಲ್ಲಿ ನೆನೆದ ಜೋಳ ಆ ವಾರದೊಳಗೇ ಮೊಳಕೆಯೊಡೆಯಿತು. ನಾಲ್ಕೂ ಗೋಡೆಗಳ ಮೇಲೆ ನೀರು ನಿಂತ ಎತ್ತರಕ್ಕೆ ಒಂದು ಕಂದು ಗೆರೆ ಉಳಿಯಿತು. ಆ ಗೆರೆಯನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅದು ನಮ್ಮ ಹಣೆಬರಹವೆಂದು ಆಗ ನಮಗೆ ತಿಳಿದಿರಲಿಲ್ಲ.

ಮೂರನೆಯ ದಿನವೇ ತಮ್ಮ ಟ್ರಸ್ಟಿನವರು ಬಂದರು. ಇದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತಿದ್ದೇನೆ, ಬ್ರೆಡ್ಡು ಬಾಳೆಹಣ್ಣು ಅವತ್ತು ನಿಜವಾಗಿಯೂ ಬೇಕಾಗಿದ್ದವು. ಅದರ ಜೊತೆಗೆ, ಕೂತಲ್ಲೇ ಬೆವರು ಸುರಿಯುವ ನಮ್ಮ ಊರಿನಲ್ಲಿ ತಲೆಗೆ ಎರಡರಂತೆ ದಪ್ಪ ಉಣ್ಣೆಯ ಕಂಬಳಿ ಹಂಚಿದ ತಮ್ಮ ಕರುಣೆಯ ಕಾವು ಇನ್ನೂ ಆರಿಲ್ಲ. ಕಂಬಳಿ ಸ್ವೀಕರಿಸುವಾಗ ಕಲ್ಲವ್ವ ಅಭ್ಯಾಸಬಲದಿಂದ ನಕ್ಕುಬಿಟ್ಟಳು. ಫೋಟೋ ಹಿಡಿಯುತ್ತಿದ್ದ ತಮ್ಮ ಸ್ವಯಂಸೇವಕರು "ಮಾವಶಿ, ಥೋಡಾ ರೋನೇ ಜೈಸಾ ಮುಂಹ್ ಕರೋ" ಎಂದು ವಿನಯದಿಂದ ಕೇಳಿಕೊಂಡರು. ಕಲ್ಲವ್ವ ಅಳುಮುಖ ಮಾಡಲು ಪ್ರಯತ್ನಪಟ್ಟಷ್ಟೂ ಉಳಿದ ಹತ್ತು ಮಂದಿಗೆ ನಗು ತಡೆಯಲಾಗಲಿಲ್ಲ. ಹೀಗಾಗಿ ಅಂದಿನ ಫೋಟೋಗಳೆಲ್ಲ ಕೆಟ್ಟುಹೋಗಿ, ತಾವು ಮರುವಾರ ಮತ್ತೊಮ್ಮೆ ಕಂಬಳಿ ಹಂಚಬೇಕಾಯಿತು. ಆ ವೃಥಾ ಶ್ರಮಕ್ಕಾಗಿ ತಡವಾಗಿಯಾದರೂ ಕ್ಷಮೆ ಕೋರುತ್ತೇವೆ.

ಆಮೇಲೆ ತಾವು ಹೊರಡಿಸಿದ ಪ್ರಕಟಣೆಯನ್ನು ಓದಿ ನಾನು ತಮ್ಮನ್ನು ಮನಸ್ಸಿನಲ್ಲೇ ಕೊಂಡಾಡಿದೆ, ಇದು ಕುಹಕವಲ್ಲ. ಕಂಬಳಿ ಕೊಟ್ಟು ಕೈತೊಳೆದುಕೊಳ್ಳುವುದು ಪರಿಹಾರವಲ್ಲ, ಜನ ಮರೆತ ಮೇಲೂ ಆಪತ್ತಿಗೆ ಸಿಕ್ಕವರ ಜೊತೆ ವರ್ಷಗಟ್ಟಲೆ ನಿಲ್ಲಬೇಕು, ಮುಂದಿನ ನೆರೆಗೆ ಅವರು ಮತ್ತೆ ಮುಳುಗದಂತೆ ನೋಡಬೇಕು, ಅದಕ್ಕಾಗಿಯೇ ಈ ದೀರ್ಘಕಾಲೀನ ಪುನರ್ವಸತಿ ನಿಧಿ ಎಂದು ತಾವು ಬರೆದಿದ್ದಿರಿ. ಅಷ್ಟು ಸರಿಯಾದ ಮಾತನ್ನು ಧರ್ಮದ ಕಚೇರಿಯೊಂದು ಆಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಶೆಡ್ಡಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ರೊಟ್ಟಿ ಬಡಿಯುವ ಕೈಗಳು ನಿಂತವು. ನಾವು ಕೇಳಿದ್ದು ಒಂದೇ ಒಂದು: ಶೆಡ್ಡಿನ ನೆಲಗಟ್ಟನ್ನು ಮೂರು ಅಡಿ ಎತ್ತರಿಸಿಕೊಡಿ. ಕಲ್ಲು, ಸಿಮೆಂಟು ನಿಮ್ಮದು, ಮೈದುಡಿಮೆ ನಮ್ಮದು ಎಂದು ಬರೆದೆವು. ನಮ್ಮ ಚಾಳಿನಲ್ಲಿರುವ ಗಾರೆ ಕೆಲಸದ ಗೌಂಡಿ ಮುರಾರಿ ಕೂಲಿ ಬೇಡವೆಂದು ಒಪ್ಪಿಕೊಂಡಿದ್ದ. ನಮೂನೆಯ ಒಂಬತ್ತನೆಯ ಪುಟದಲ್ಲಿ, ಈ ವಿಪತ್ತು ಫಲಾನುಭವಿಯ ಜೀವನದೃಷ್ಟಿಯಲ್ಲಿ ಯಾವ ಬದಲಾವಣೆ ತಂದಿದೆ ಎಂಬ ಪ್ರಶ್ನೆಯಿತ್ತು. ಕಲ್ಲವ್ವ "ಹಿಟ್ಟಿನ ಚೀಲಾ ಮ್ಯಾಲ ಇಡಬೇಕಂತ ತಿಳೀತ್ರಿ, ಆದ್ರ ಮ್ಯಾಲ ಜಾಗಾ ಇಲ್ರಿ" ಎಂದಳು. ಅದನ್ನೇ ಇಂಗ್ಲಿಷಿಗೆ ಮಾಡಿ ಬರೆದೆ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ತಮ್ಮ ಸ್ಥಳ ತನಿಖಾಧಿಕಾರಿ ಶ್ರೀ ಮಧ್ವರಾಜರು ಫೆಬ್ರವರಿಯ ಎರಡನೆಯ ಶನಿವಾರ ಹನ್ನೊಂದು ಗಂಟೆಗೆ ಪರಿಶೀಲನೆಗೆ ಬರುತ್ತಾರೆಂದು ಎಂಟು ದಿನ ಮೊದಲೇ ಕಾರ್ಡು ಬಂತು. ಎಂಟು ದಿನ ಮೊದಲು ತಿಳಿಸಿದ್ದೇ ನಮಗೆ ಮುಳುವಾಯಿತು, ಸ್ವಾಮಿ. ದೊಡ್ಡವರು ಮನೆಗೆ ಬರುತ್ತಾರೆಂದು ತಿಳಿದ ಮೇಲೆ ಮನೆಯನ್ನು ಇದ್ದ ಹಾಗೆ ಇಡುವ ಹೆಂಗಸು ನಮ್ಮ ಕಡೆಯೂ ಇಲ್ಲ, ಅವರ ಕಡೆಯೂ ಇಲ್ಲ. ಏಳು ತಿಂಗಳಿಂದ ಕಣ್ಣಿಗೆ ಚುಚ್ಚುತ್ತಿದ್ದ ಆ ಕಂದು ಗೆರೆಯನ್ನು ನೋಡಿ, ಇದರೆದುರು ಆ ಮನುಷ್ಯರನ್ನು ಹೇಗೆ ಕೂರಿಸುವುದು, ಸುಣ್ಣ ಬಳಿಯಿರಿ ಎಂದು ಅಪ್ಪಣೆ ಕೊಟ್ಟವಳು ನಾನೇ. ಮುರಾರಿ ಸುಣ್ಣದ ಡಬ್ಬಿ ಹಿಡಿದುಕೊಂಡು "ಬಾಯೀ, ಏಕ್ ಭಿಂತ್ ತರೀ ಸೋಡಾ" ಎಂದು ಒಂದು ಗೋಡೆಯನ್ನಾದರೂ ಬಿಡಲು ಬೇಡಿಕೊಂಡ. ನಾನು ಅವನಿಗೆ ಸೋಮಾರಿ ಎಂದು ಬೈದು, ನಾಲ್ಕಕ್ಕೂ ಎರಡೆರಡು ಕೈ ಬಳಿಸಿದೆ. ಹೊಳಪು ಬರಲೆಂದು ಸ್ವಲ್ಪ ನೀಲಿಯನ್ನೂ ಹಾಕಿಸಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ನೆಲ ಸಾರಿಸಿದ್ದಾಯಿತು, ಬಾಗಿಲಿಗೆ ಮಾವಿನ ಎಲೆ ಕಟ್ಟಿದ್ದಾಯಿತು, ಈರವ್ವ ಅಂಗಳ ತುಂಬ ರಂಗೋಲಿ ಹಾಕಿದಳು. ನನ್ನ ಗಂಡನ ಹೋಟೆಲಿನಿಂದ ಏಳು ಕುರ್ಚಿ ತರಿಸಿದೆ, ಮೇಲಿನ ಮಾಳಿಗೆಯ ಜಯಲತಾ ಅವರಿಂದ ಹೂವಿನ ಚಿತ್ರದ ಚಹಾದ ಕಪ್ಪುಬಸಿಗಳನ್ನು ತಂದೆ. ಹೆಂಗಸರು ನೆರೆಯಲ್ಲಿ ಪೆಟ್ಟಿಗೆಗಳನ್ನೇ ಕಳೆದುಕೊಂಡಿದ್ದರಿಂದ ಅಕ್ಕಪಕ್ಕದ ಮೂರು ಚಾಳುಗಳಲ್ಲಿ ಹುಡುಕಾಡಿ ಹನ್ನೊಂದು ಒಳ್ಳೆಯ ಸೀರೆಗಳನ್ನು ಹೊಂದಿಸಿಕೊಂಡರು. ಅವುಗಳಲ್ಲಿ ಎರಡು ರೇಷ್ಮೆಯವೂ ಇದ್ದವು. ಅತಿಥಿಗಳು ರೊಟ್ಟಿ ತಿನ್ನುವರೋ ಇಲ್ಲವೋ ಎಂಬ ಅನುಮಾನದಿಂದ ಶಿರಾ, ಉಪ್ಪಿಟ್ಟು ಮಾಡಿ, ಅವು ಸಾಲದೇ ಹೋದೀತೆಂದು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯನ್ನೂ ಮಾಡಿದರು. ಆ ದಿನ ನಮ್ಮ ಶೆಡ್ಡಿನೊಳಗೆ ಕಾಲಿಟ್ಟವರು ಯಾರೇ ಆಗಲಿ, ಇಲ್ಲಿ ಯಾರಿಗೋ ನಿಶ್ಚಿತಾರ್ಥವೆಂದು ತಿಳಿಯುತ್ತಿದ್ದರು.

ಶ್ರೀ ಮಧ್ವರಾಜರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಮಾಜಸೇವೆಯಲ್ಲಿ ಎಂ.ಎ. ಮಾಡಿದ ತರುಣರು, ಮೃದುಭಾಷಿಗಳು, ಕೈಯಲ್ಲೊಂದು ಅಳತೆಯ ಪಟ್ಟಿ. ಕೂತ ಕೂಡಲೇ ನೀರು ಎಲ್ಲಿಯವರೆಗೆ ಬಂದಿತ್ತು, ಗುರುತು ತೋರಿಸಿ ಎಂದರು. ಹೆಂಗಸರ ಪೈಕಿ ಮಹಾದೇವಕ್ಕ ಎಂಬಾಕೆ ಮುಂದೆ ಬಂದು "ಒಂದ ಕಲೀನೂ ಇಲ್ಲ ನೋಡ್ರಿ ಸಾಹೇಬ್ರ, ಎಲ್ಲಾ ಬೆಳ್ಳಗ ಮಾಡೇವಿ" ಎಂದು ಹೆಮ್ಮೆಯಿಂದ ಗೋಡೆ ಸವರಿ ತೋರಿಸಿದಳು. ಅವರು ಬಿಚ್ಚಿದ್ದ ಪಟ್ಟಿಯನ್ನು ಮತ್ತೆ ಸುತ್ತಿ ಜೇಬಿಗೆ ಹಾಕಿಕೊಂಡರು. ಎಲೆ ಹಾಕಿ ಬಡಿಸಿದ ಮೇಲೆ, ನಿಮಗೆ ಈಗ ಏನೇನು ತೊಂದರೆಯಿದೆ ಎಂದು ಕಲ್ಲವ್ವನನ್ನು ಕೇಳಿದರು. ಎಲೆಯ ಮುಂದೆ ಕೂತು ಉಣ್ಣುತ್ತಿರುವವರ ಎದುರು ತನ್ನ ಗೋಳು ತೋಡಿಕೊಂಡರೆ ಅವರ ಗಂಟಲಲ್ಲಿ ತುತ್ತು ಇಳಿಯುವುದು ಹೇಗೆ? ಕಲ್ಲವ್ವ ಯಾವ ಅತಿಥಿ ಕೇಳಿದರೂ ಹೇಳುವ ಮಾತನ್ನೇ ಹೇಳಿದಳು: "ಏನೂ ತೊಂದ್ರಿ ಇಲ್ರಿ ಯಪ್ಪಾ. ನಿಮ್ಮಂಥಾವ್ರ ಆಶೀರ್ವಾದದಿಂದ ಎಲ್ಲಾ ಆರಾಮ ಅದೇವ್ರಿ. ಇನ್ನೊಂದೀಟು ಶಿರಾ ಹಾಕ್ಲೇನ್ರಿ?" ಅವರು ಶಿರಾವನ್ನೂ ಹಾಕಿಸಿಕೊಂಡರು, ಮಾತನ್ನೂ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತು, ಕಲ್ಲವ್ವ ಎಷ್ಟು ಚೆನ್ನಾಗಿ ಮಾತಾಡಿದಳೆಂದು ಬೀಗುತ್ತಿದ್ದೆ.

ಏಪ್ರಿಲ್‌ನಲ್ಲಿ ಬಂದ ತಮ್ಮ ಕಾಗದದ ಜೊತೆ ಅವರ ವರದಿಯ ಪ್ರತಿಯೂ ಇತ್ತು. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಈಗ ನನಗದು ಬಾಯಿಪಾಠ. "ಗೋಡೆಗಳು ಸುಸ್ಥಿತಿಯಲ್ಲಿವೆ, ನೆರೆಯ ಯಾವುದೇ ಕುರುಹು ಕಂಡುಬರುವುದಿಲ್ಲ. ಆಸನ ವ್ಯವಸ್ಥೆ ಮತ್ತು ಪಾತ್ರೆಪಡಗ ಸಮರ್ಪಕ. ಮಹಿಳೆಯರ ಉಡುಪು ಮಧ್ಯಮ ವರ್ಗಕ್ಕಿಂತ ಮೇಲ್ಮಟ್ಟದ್ದು. ಉಪಾಹಾರ ಯಥೇಚ್ಛ. ತೊಂದರೆಯೇನೂ ಇಲ್ಲವೆಂದು ಸ್ವತಃ ಮುಖ್ಯ ಫಲಾನುಭವಿಯ ಹೇಳಿಕೆ. ದೀರ್ಘಕಾಲೀನ ಪುನರ್ವಸತಿ ಈಗಾಗಲೇ ಪೂರ್ಣಗೊಂಡಿದೆ." ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದೇ ನನಗೆ ಉರಿಯುವುದು. ಕುರ್ಚಿಗಳು ಮಧ್ಯಾಹ್ನದ ಗಿರಾಕಿಗಳಿಗಾಗಿ ಎರಡು ಗಂಟೆಯೊಳಗೆ ಹೋಟೆಲಿಗೆ ಮರಳಿದ್ದನ್ನೂ, ಸೀರೆಗಳು ಸಂಜೆಯೊಳಗೆ ಮೂರು ಚಾಳುಗಳಿಗೆ ಹಿಂದಿರುಗಿದ್ದನ್ನೂ ನೋಡಲು ಅವರು ಇರಲಿಲ್ಲ, ಅಷ್ಟೇ. ಬೇರೆಯವರಿಗೆ ವರ್ಷಗಟ್ಟಲೆ ಹಿಡಿಯುವ ದೀರ್ಘಕಾಲೀನ ಪುನರ್ವಸತಿಯನ್ನು ನಾವು ಒಂದು ಶನಿವಾರದ ಮಧ್ಯಾಹ್ನದೊಳಗೆ ಮುಗಿಸಿದೆವಾದ್ದರಿಂದ, ನಮ್ಮನ್ನು ತಮ್ಮ ವಾರ್ಷಿಕ ವರದಿಯಲ್ಲಿ ಯಶೋಗಾಥೆಯೆಂದು ಸೇರಿಸಿಕೊಳ್ಳುವುದಾಗಿಯೂ, ಅದಕ್ಕಾಗಿ ನಗುಮುಖದ ಒಂದು ಫೋಟೋ ಕಳುಹಿಸಬೇಕೆಂದೂ ಕಾಗದದ ಕೊನೆಯಲ್ಲಿ ಕೇಳಿದ್ದೀರಿ. ಜುಲೈನಲ್ಲಿ ಬೇಡವೆಂದಿದ್ದ ನಗುವಿಗೆ ಏಪ್ರಿಲ್‌ನಲ್ಲಿ ಬೇಡಿಕೆ ಬಂದದ್ದು ಕಂಡು ಕಲ್ಲವ್ವನಿಗೆ ಬಹಳ ಆಶ್ಚರ್ಯವಾಯಿತು.

ನನ್ನ ಗಂಡ ಆ ವರದಿ ಓದಿ ತುಳುವಿನಲ್ಲಿ ಅಂದದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ನಿನಗೆ ಬುದ್ಧಿ ಉಂಟಾ ಮಾರಾಯ್ತಿ? ನೆರೆ ಬಂದ ಗೋಡೆಗೆ ಸುಣ್ಣ ಬಳಿದು ನೆರೆಯ ಪರಿಹಾರ ಕೇಳುದಾ?" ಕುರ್ಚಿ ಕೊಟ್ಟವರು ತಾವೇ ಎಂಬುದನ್ನು ಅವರು ಮರೆತಿದ್ದರು, ನಾನು ನೆನಪಿಸಿದೆ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ತಪ್ಪನ್ನು ತಿದ್ದಿಕೊಳ್ಳಲು ನಾವು ಪ್ರಯತ್ನಪಡಲಿಲ್ಲವೆಂದು ತಾವು ಭಾವಿಸಬಾರದು. ಮೊದಲು ಸುಣ್ಣವನ್ನು ಕೆರೆದು ನೋಡಿದೆವು. ಸುಣ್ಣದ ಜೊತೆಗೆ ಗೆರೆಯೂ ಉದುರಿಹೋಗಿ ಬರೀ ಇಟ್ಟಿಗೆ ಕಂಡಿತು. ಆಗ ನಾನು ಇನ್ನೊಂದು ಉಪಾಯ ಮಾಡಿ, ಹೊಳೆಯ ಕೆಸರಿಗೆ ಚಹಾದ ಗಸಿ ಕಲಸಿ, ಗೆರೆಯನ್ನು ಹೊಸದಾಗಿ ಎಳೆಯಲು ಈರವ್ವನಿಗೆ ಹೇಳಿದೆ. ರಂಗೋಲಿಯಲ್ಲಿ ಪಳಗಿದ ಕೈ. ನೆರೆಯ ಗೆರೆ ದಾರ ಹಿಡಿದು ಎಳೆದಷ್ಟು ನೇರವಾಗಿ ಬಂತು. ಅದು ಬೋಳುಬೋಳಾಗಿ ಕಂಡಿತೆಂದು ಆಕೆ ಮೇಲಿನ ಅಂಚಿಗೆ ಸಣ್ಣ ಬಳ್ಳಿಯನ್ನೂ ಬಿಡಿಸಿದಳು. ಕಲ್ಲವ್ವ ಬಂದು ನೋಡಿದಳು. ನಗಲಿಲ್ಲ. "ನೀರು ಬಂದಿದ್ದು ಖರೇ ಐತಿ. ಖರೇ ಮಾತಿಗೆ ಸುಳ್ಳ ಗೆರಿ ಬ್ಯಾಡ್ರಿ ಅಕ್ಕಾರ, ಒರೆಸ್ರಿ" ಎಂದಳು. ಒರೆಸಿದೆವು. ತಮ್ಮ ಟ್ರಸ್ಟಿನ ನಿಧಿಯನ್ನು ಒಬ್ಬ ಅಕ್ಷರ ಬಾರದ ಹೆಂಗಸು ಮೋಸದಿಂದ ಕಾಪಾಡಿದ ಈ ಘಟನೆಯನ್ನು ಬೇಕಾದರೆ ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಬಹುದು.

ನಮ್ಮ ಆಚೆಯ ಚಾಳಿನವರು ನಮ್ಮಂಥ ದಡ್ಡರಲ್ಲ. ಅವರು ಗೋಡೆಯನ್ನು ಹಾಗೇ ಬಿಟ್ಟು, ತನಿಖೆಯ ದಿನ ಹರಿದ ಸೀರೆ ಉಟ್ಟು, ನೀರನ್ನು ಸಹ ಕೊಡದೆ ಅತ್ತರು. ಅವರನ್ನು ನಾನು ದೂರುತ್ತಿಲ್ಲ, ಅವರ ಅಳು ನಿಜವಾದದ್ದೇ. ಅವರಿಗೆ ತಾವು ಹತ್ತು ಹೊಲಿಗೆ ಯಂತ್ರಗಳನ್ನು ದಯಪಾಲಿಸಿದಿರಿ. ಅವರೂ ಕೇಳಿದ್ದು ನೆಲ ಎತ್ತರಿಸಿಕೊಡಿ ಎಂದೇ. ಈಗ ಆ ಹತ್ತು ಯಂತ್ರಗಳು, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಅದೇ ನೆಲದ ಮೇಲೆ, ತಮ್ಮ ಟ್ರಸ್ಟಿನ ಹೆಸರು ಕೆತ್ತಿದ ಹಿತ್ತಾಳೆಯ ಪಟ್ಟಿ ಹೊತ್ತುಕೊಂಡು ಕಾಯುತ್ತಿವೆ. ಯಂತ್ರಕ್ಕೆ ಹಾರ ಹಾಕಬಹುದು, ಕುಂಕುಮ ಹಚ್ಚಬಹುದು, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ನೆಲಗಟ್ಟಿಗೆ ಅದ್ಯಾವ ಭಾಗ್ಯವೂ ಇಲ್ಲ. ಅದು ಜನರ ಕಾಲಡಿಯಲ್ಲಿ ಬಿದ್ದಿರುತ್ತದೆ, ಒಳ್ಳೆಯದಾಗಿ ಕಟ್ಟಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅದರಿಂದಾದ ಉಪಕಾರವೆಂದರೆ ಏನೂ ಆಗದೇ ಇರುವುದು. ಏನೂ ಆಗದೇ ಇದ್ದದ್ದನ್ನು ಉದ್ಘಾಟಿಸುವುದು ಹೇಗೆಂಬ ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಬೇಕಿದ್ದರೆ ಪ್ರತಿ ಮೆಟ್ಟಿಲಿನ ಮೇಲೂ ತಮ್ಮ ಸಮಿತಿಯ ಒಬ್ಬೊಬ್ಬ ಸದಸ್ಯರ ಹೆಸರು ಕೆತ್ತಿಸುತ್ತೇವೆ, ಹೆಸರನ್ನು ತುಳಿಯದೆ ದಾಟಿ ಹೋಗಲು ಹನ್ನೊಂದು ಮಂದಿಗೂ ಅಭ್ಯಾಸ ಮಾಡಿಸುತ್ತೇನೆ.

ಇದೂ ಆಗದ ಪಕ್ಷದಲ್ಲಿ, ನಮ್ಮ ಅರ್ಹತೆಯನ್ನು ಮತ್ತೆ ಸಾಬೀತುಪಡಿಸಲು ಒಂದು ಸಣ್ಣ ನೆರೆಯನ್ನು ನಮಗೆ ಕೈಗಡವಾಗಿ ಕೊಡಿಸಬೇಕೆಂದು ಪ್ರಾರ್ಥಿಸುತ್ತೇವೆ. ಎದೆಮಟ್ಟ ಬೇಡ, ಸೊಂಟಮಟ್ಟ ಸಾಕು. ಹಗಲು ಹೊತ್ತಿನಲ್ಲಿ, ಶ್ರೀ ಮಧ್ವರಾಜರಿಗೆ ಅನುಕೂಲವಾದ ದಿನ ನೋಡಿ. ಅವರು ಅಳತೆ ಮುಗಿಸುವವರೆಗೆ ನೀರು ಅಲುಗದೆ ನಿಲ್ಲಬೇಕೆಂದು ಹೊಳೆಗೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದರೆ ಅದು ಖಂಡಿತ ಕೇಳೀತು. ಈ ಸಲ ಚಹಾ ಕೂಡ ಕೊಡುವುದಿಲ್ಲವೆಂದು ಮಂಡಳದ ಪರವಾಗಿ ವಚನ ಕೊಡುತ್ತೇನೆ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಆರಾಮ ಎನ್ನಬಾರದೆಂದು ಒಂದು ವಾರದಿಂದ ಹೆಂಗಸರಿಗೆ ಪಾಠ ಮಾಡುತ್ತಿದ್ದೇನೆ. ಯಾರಿಗೂ ಬರುತ್ತಿಲ್ಲ. ನಿನ್ನೆ ಜ್ವರದಲ್ಲಿ ಮಲಗಿದ್ದ ಮಹಾದೇವಕ್ಕನನ್ನು ಹೇಗಿದ್ದೀಯ ಎಂದು ಕೇಳಿದರೆ, ಆರಾಮ ಅದೀನ್ರಿ ಅಕ್ಕಾರ, ನೀವು ಚಹಾ ಕುಡೀತೀರೇನು ಎಂದಳು.

ಅಣಕ ಸಾಕು. ನನಗೆ ನಾಚಿಕೆಯಾಗಿದೆ. ಸಿಟ್ಟೂ ಬಂದಿದೆ, ಅರ್ಧ ತಮ್ಮ ಮೇಲೆ, ಅರ್ಧ ನನ್ನ ಮೇಲೆ. ಸುಣ್ಣ ಬಳಿಸಿದ್ದು ನಾನು. ಆದರೆ ಸುಣ್ಣದ ಹಿಂದೆ ಏನಿದೆಯೆಂದು ಒಂದು ಸಲವೂ ಉಗುರಿನಿಂದ ಕೆರೆದು ನೋಡದವರು ತಾವು. ಆಪತ್ತಿಗೆ ಸಿಕ್ಕವರು ಮಾನ ಬಿಟ್ಟು ನಿಂತರೆ ಮಾತ್ರ ತಮ್ಮ ಅಳತೆಯ ಪಟ್ಟಿಗೆ ಸಿಗುತ್ತಾರೆ, ಮರ್ಯಾದೆಯಿಂದ ಬಾಗಿಲು ತೆರೆದರೆ ಸಿಗುವುದಿಲ್ಲ ಎನ್ನುವುದಾದರೆ, ಅದನ್ನು ನಮೂನೆಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಬೇಕಿತ್ತು. ಇವತ್ತಿಗೆ ಮಳೆಗೆ ಮೂರು ವಾರವೂ ಉಳಿದಿಲ್ಲ. ಶೆಡ್ಡಿನ ನೆಲ ಇದ್ದಲ್ಲೇ ಇದೆ. ಹನ್ನೊಂದರಲ್ಲಿ ಮೂವರು ಈಗಾಗಲೇ ಕೆಲಸ ಬಿಟ್ಟು ನವಿ ಮುಂಬಯಿಯ ಕಟ್ಟಡಗಳಿಗೆ ಹೋಗಿಬಿಟ್ಟಿದ್ದಾರೆ. ನೀರು ಬಂದ ಮೇಲೆ ಹೋದರೆ ಅಲ್ಲಿ ಕೂಲಿ ಸಿಗುವುದಿಲ್ಲ, ಮೊದಲೇ ಜಾಗ ಹಿಡಿಯಬೇಕು ಎನ್ನುತ್ತಾರೆ. ಕಲ್ಲವ್ವ ಇನ್ನೂ ಕೂತಿದ್ದಾಳೆ. ಇಷ್ಟೆಲ್ಲ ಆದರೂ ಆಕೆ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ಆದಕಾರಣ, ಪೂರ್ಣವಾಗಿ ಚೇತರಿಸಿಕೊಂಡವರ ಪಟ್ಟಿಯಿಂದ ನಮ್ಮ ಹೆಸರನ್ನು ದಯವಿಟ್ಟು ತೆಗೆದು, ಇನ್ನೂ ಚೇತರಿಸಿಕೊಳ್ಳಬೇಕಾದವರ ಪಟ್ಟಿಗೆ ಬಡ್ತಿ ಕೊಟ್ಟು, ಮೂರು ಅಡಿಯ ಕಲ್ಲು ಸಿಮೆಂಟು ಮಂಜೂರು ಮಾಡಬೇಕೆಂದು ವಿನಂತಿ. ತಾವು ಖುದ್ದಾಗಿ ಬಂದು ನೋಡುವುದಾದರೆ ಬಹಳ ಸಂತೋಷ. ಆದರೆ ಕಾರ್ಡು ಬರೆಯಬೇಡಿ.

ಗೋಡೆ ಬೆಳ್ಳಗಿದ್ದರೂ ಮನಸ್ಸಿನಲ್ಲಿ ಇನ್ನೂ ಎದೆಮಟ್ಟ ನೀರಿನಲ್ಲೇ ನಿಂತಿರುವ,

ತಮ್ಮ ವಿಶ್ವಾಸಿ,
ರತ್ನಾವತಿ
ಕಾರ್ಯದರ್ಶಿ, ರೊಟ್ಟಿ ಶೆಡ್ ಮಹಿಳಾ ಮಂಡಳ, ಕಲ್ಯಾಣ

ಹಿಂಬರಹ: ಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಇಷ್ಟನ್ನು ಸೇರಿಸಬೇಕಾಗಿದೆ. ಮೊನ್ನೆ ಮಂಗಳವಾರ ಕಲ್ಲವ್ವ ಹಂಚನ್ನು ತೊಳೆದು ಮಗಳ ಕೈಗೆ ಕೊಟ್ಟು ನವಿ ಮುಂಬಯಿಯ ಕೋಪರಖೈರಣೆಗೆ ಹೋದಳು. ಅಲ್ಲಿ ಒಂದು ಕಟ್ಟಡದ ಪಾಯಕ್ಕೆ ಗಾರೆ ಹೊರುತ್ತಿದ್ದಾಳೆ. ನಿನ್ನೆ ನಾನು ಬಸ್ಸು ಹಿಡಿದು ಹೋಗಿ ನೋಡಿ ಬಂದೆ. ಕಟ್ಟಡದ ಎದುರಿನ ಹಲಗೆಯ ಮೇಲೆ ತಮ್ಮ ಟ್ರಸ್ಟಿನ ಹೆಸರನ್ನೂ, ಕೆಳಗೆ 'ಆಪತ್ತು ಪುನರ್ವಸತಿ ಅಧ್ಯಯನ ಭವನ' ಎಂಬ ದೊಡ್ಡ ಅಕ್ಷರಗಳನ್ನೂ ಓದಿ ಅಭಿನಂದಿಸಬೇಕೆನಿಸಿತು. ಅದು ಸಮುದ್ರದ ನೀರು ನುಗ್ಗುವ ಖಾಡಿಯ ಪಕ್ಕದ ತಗ್ಗು ಜಾಗವಾದ್ದರಿಂದ ಪಾಯವನ್ನು ನೆಲದಿಂದ ಐದು ಅಡಿ ಎತ್ತರಕ್ಕೆ ಏರಿಸುತ್ತಿದ್ದಾರೆ. ಅಷ್ಟು ಎತ್ತರ ಏಕೆಂದು ಕೇಳಿದ್ದಕ್ಕೆ ಕಲ್ಲವ್ವ ಬುಟ್ಟಿಯ ಕೆಳಗೆ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತಾ ಹೇಳಿದಳು: "ಒಳಗ ಬಡವರ ಅರ್ಜೀ ಇಡ್ತಾರಂತ್ರಿ ಅಕ್ಕಾರ. ನೀರು ಬಂದ್ರ ಅವು ತೊಯ್ಯಬಾರದಂತ." ಪಾಯ ಗಟ್ಟಿಯಾಗಿ ಬರುತ್ತಿದೆ, ತಾವು ನಿಶ್ಚಿಂತೆಯಿಂದಿರಬಹುದು.